ಕಂಬ ತಿರುಗಿದ ಗುರುತು

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ನವರಂಗಕ್ಕೆ ಕಾಲಿಟ್ಟರೆ ಕಣ್ಣು ಕತ್ತಲಿಗೆ ಒಗ್ಗಲು ತುಸು ಹೊತ್ತು ಬೇಕು. ಅಷ್ಟರಲ್ಲಿ ಕೈ ತನ್ನಷ್ಟಕ್ಕೆ ಪಕ್ಕದ ಕಂಬವನ್ನು ಸವರುತ್ತದೆ. ತಣ್ಣನೆಯ ನುಣುಪು. ಬೆರಳು ಸುತ್ತಲೂ ಹರಿದರೆ ಎಲ್ಲೂ ತಡೆಯುವುದಿಲ್ಲ. ಮೇಲಿಂದ ಕೆಳಕ್ಕೆ ಎಳೆದಾಗ ಮಾತ್ರ ಬಳೆ ಜೋಡಿಸಿಟ್ಟ ಹಾಗೆ ಏಣು, ತಗ್ಗು, ಮತ್ತೆ ಏಣು. ಬರೀ ಸುತ್ತಿಗೆಯ ಪೆಟ್ಟಿಗೆ ಇಂಥ ಗುಂಡು ಒಲಿಯದು. ಇಲ್ಲಿ ಉಳಿ ನಿಂತಿದೆ, ಕಲ್ಲು ತಿರುಗಿದೆ. ಇದು ಕಡಚಲು ಕೆಲಸ. ಈಗಿನವರ ಬಾಯಲ್ಲಿ ಲೇತ್ ಕೆಲಸ.

ಗಣಿಯಿಂದ ತೆಗೆದಾಗ ಬಳಪದ ಕಲ್ಲು ಮೆದು. ಗಾಳಿ ತಾಗುತ್ತ ಗಟ್ಟಿಯಾಗುತ್ತದೆ. ಆ ಮೆದುತನ ಇರುವಾಗಲೇ ಆಳೆತ್ತರಕ್ಕೂ ಮಿಗಿಲಾದ ಕಲ್ಲನ್ನು ತಿರುಗಿಸಿ ಹದಕ್ಕೆ ತಂದಿದ್ದಾರೆ. 16 ಕಿ.ಮೀ. ಆಚೆ, 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ಗುಡಿಯಲ್ಲೂ ಇಂಥವೇ ಕಂಬಗಳು. ಅಲ್ಲಿನ ನರಸಿಂಹ ಕಂಬ ಒಂದು ಕಾಲಕ್ಕೆ ನಿಂತಲ್ಲೇ ತಿರುಗುತ್ತಿತ್ತಂತೆ. ಈ ಮಾತನ್ನು ನಗೆಯಾಡಿ ಬಿಡಲು ನನಗೆ ಮನಸ್ಸು ಬರುವುದಿಲ್ಲ. ಕಂಬಗಳು ಹುಟ್ಟಿದ ಬಗೆಯ ನೆನಪು ಹೀಗೆ ಕತೆಯಾಗಿ ಉಳಿದಿರಬಹುದು.

ಬೇಲೂರಿನ ಮದನಿಕೆಯರ ಪೀಠದಲ್ಲಿ ಹೆಸರುಗಳಿವೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಅಪ್ಪನೂ ಮಗನೂ ಒಂದೇ ಗುಡಿಯಲ್ಲಿ ಉಳಿ ಹಿಡಿದವರು. ‘ಓಜ’ ಎಂದರೆ ಉಪಾಧ್ಯಾಯ. ನಮ್ಮ ಬಡಗಿ, ಕಮ್ಮಾರರನ್ನು ಇಂದಿಗೂ ‘ಆಚಾರಿ’ ಎನ್ನುತ್ತೇವಲ್ಲ, ಅದೂ ಆಚಾರ್ಯನೇ. ಮನೆಯೇ ಶಾಲೆ, ಅಪ್ಪನೇ ಮೇಷ್ಟ್ರು.

ಹಳೇಬೀಡಿನಿಂದ ಜಾವಗಲ್ ದಾಟಿ ಅರಸೀಕೆರೆಯತ್ತ ಹೊರಟರೆ ಬಯಲು ಸೀಮೆ ತೆರೆದುಕೊಳ್ಳುತ್ತದೆ. ತೆಂಗಿನ ತೋಟಗಳು, ಕೊಬ್ಬರಿಯ ವಾಸನೆ. ಊರಿಗೆ ಹೆಸರು ಕೊಟ್ಟ ಅರಸಿಯ ಕೆರೆ, 1220ರ ಈಶ್ವರ ದೇವಾಲಯ. ಆಮೇಲೆ ರೈಲು ನಿಲ್ದಾಣ. ಬೆಂಗಳೂರಿನಿಂದ ಹೊರಟ ಮೀಟರ್ ಗೇಜ್ ಹಳಿ ತುಮಕೂರು, ಗುಬ್ಬಿ, ಅರಸೀಕೆರೆಗಳನ್ನು ಹಾಯ್ದು 1889ರಲ್ಲಿ ಹರಿಹರದವರೆಗೆ ತೆರೆದುಕೊಂಡಿತು. ಆಗ ಈ ಮಾರ್ಗವನ್ನು ನಡೆಸುತ್ತಿದ್ದುದು ಸದರ್ನ್ ಮರಾಠಾ ರೈಲ್ವೆ. ಹರಿಹರದಾಚೆ ಹುಬ್ಬಳ್ಳಿಯಲ್ಲಿ ಅದರ ದೊಡ್ಡ ಕಾರ್ಖಾನೆ.

ಆ ಕಾಲದ ಒಬ್ಬ ಕಮ್ಮಾರನನ್ನು, ಇದೇ ಸೀಮೆಯವನನ್ನು, ನಾನು ಕಣ್ಣ ಮುಂದೆ ತಂದುಕೊಳ್ಳುತ್ತೇನೆ. ಮನೆಯ ಜಗಲಿಗೆ ಅಂಟಿಕೊಂಡೇ ಕುಲುಮೆ. ಹೆಂಡತಿ ತಿದಿ ಒತ್ತುತ್ತಾಳೆ, ಬೇಸಾಯದ ದಿನಗಳಲ್ಲಿ ಸುತ್ತಿಗೆಗೂ ಕೈ ಕೊಡುತ್ತಾಳೆ. ಮಗು ಬೂದಿಯ ಪಕ್ಕದಲ್ಲೇ ಆಡಿ, ಅಲ್ಲೇ ಮಲಗುತ್ತದೆ. ಕುಳ ಹಣಿಯುವುದು, ಗಾಡಿಯ ಚಕ್ರಕ್ಕೆ ಪಟ್ಟಿ ಕಟ್ಟುವುದು. ಕೂಲಿ ಸುಗ್ಗಿಯ ಕಣದಲ್ಲಿ ರಾಗಿಯಾಗಿ ಬರುತ್ತದೆ. ಒಂದು ಸಂಜೆ ಮಗನಿಗೆ ಅವನು ಹೇಳುತ್ತಾನೆ: “ನೋಡ್ಲಾ ಮಗ, ಕಬ್ಬಿಣದ ಮ್ಯಾಲೆ ಸಿಟ್ಟು ಮಾಡ್ಕಬ್ಯಾಡ. ಅದು ಕೆಂಪಗಾಗೋಗಂಟ ಕಾಯಿ.”

ಇಂಥವನು ರೈಲು ಹತ್ತಿ ಹುಬ್ಬಳ್ಳಿಗೆ ಹೋದನೆಂದುಕೊಳ್ಳಿ. ಅಲ್ಲಿ ಮಾಡಿನ ಕೆಳಗೆ ಉದ್ದಕ್ಕೂ ತಿರುಗುವ ದಂಡ, ಅದರಿಂದ ಇಳಿಬಿದ್ದ ಚರ್ಮದ ಪಟ್ಟಿಗಳು, ಒಂದೊಂದು ಪಟ್ಟಿಯ ಕೆಳಗೆ ಒಂದೊಂದು ಲೇತ್. ಎಲ್ಲದಕ್ಕೂ ಉಗಿಯೇ ಉಸಿರು. ಹಳಿಯ ಮೇಲೆ ಓಡಿ ಸವೆದ ಗಾಲಿಗಳಿಗೆ ಮತ್ತೆ ಗುಂಡು ಕೊಡಬೇಕು, ಅಚ್ಚಿನ ಕುತ್ತಿಗೆ ನುಣುಪಾಗಬೇಕು, ಹಿತ್ತಾಳೆಯ ಬೇರಿಂಗ್ ಅದಕ್ಕೆ ಒಪ್ಪುವಂತೆ ಕೂರಬೇಕು. ಕೂದಲೆಳೆ ಹೆಚ್ಚಾದರೂ ಅಚ್ಚು ಕಾದು ಕೆಡುತ್ತದೆ. ಉಳಿಯನ್ನು ಹಿಡಿಯುವುದು ಇಲ್ಲಿ ಕೈಯಲ್ಲ. 1800ರ ಸುಮಾರಿಗೆ ಇಂಗ್ಲೆಂಡಿನ ಹೆನ್ರಿ ಮಾಡ್ಸ್‌ಲೀ ಕರಾರುವಾಕ್ಕಾಗಿ ರೂಪಿಸಿದ ಜಾರುವ ಪೀಠ ಅದನ್ನು ಬಿಗಿಹಿಡಿದಿರುತ್ತದೆ. ಕೈಗೆ ಉಳಿದದ್ದು ತಿರುಪಿನ ಹಿಡಿ. ಆದರೆ ಕಿವಿ ಬೇಕು. ಉಳಿ ಮೊಂಡಾದದ್ದು ಮೊದಲು ಗೊತ್ತಾಗುವುದು ಸದ್ದಿನಲ್ಲಿ.

ಕೆಲಸ ಅವನಿಗೆ ಹೊಸದೆನಿಸಿರಲಾರದು. ಹೊಸದಾಗಿದ್ದದ್ದು ಸೀಟಿ. ಸೀಟಿಗೆ ಒಳಗೆ, ಸೀಟಿಗೆ ಹೊರಗೆ. ತಿಂಗಳಿಗೆ ಎಣಿಸಿ ಕೊಟ್ಟ ರೂಪಾಯಿ. ಮನೆಯವರನ್ನೂ ಕರೆಸಿಕೊಂಡಾಗ ಹೆಂಡತಿಗೆ ತಿದಿಯಿಲ್ಲ, ಬರೀ ಒಲೆ. ಎಣ್ಣೆ ಕುಡಿದ ಅಂಗಿ ಒಗೆಯುವಾಗ ಮಡಿಕೆಯಲ್ಲಿ ಸಿಕ್ಕ ಕಬ್ಬಿಣದ ಸುರುಳಿಗಳಿಂದಷ್ಟೇ ಗಂಡನ ದುಡಿಮೆಯ ರೂಪ ಅವಳಿಗೆ ತಿಳಿಯುತ್ತದೆ. ದಾಸೋಜನ ಹೆಸರು ಕಲ್ಲಿನಲ್ಲಿದೆ. ಇವನು ಕಡೆದ ಅಚ್ಚು ಅರಸೀಕೆರೆಯ ಮೇಲೆಯೇ ಓಡಿದರೂ ಅದರಲ್ಲಿ ಹೆಸರಿಲ್ಲ. ಇದು ನನ್ನನ್ನು ನೋಯಿಸುತ್ತದೆ.

ಮಧ್ಯಾಹ್ನ ಮಗ ಬುತ್ತಿ ತಂದಿದ್ದಾನೆ. ಕಾವಲಿನವನು ಗೇಟಿನಲ್ಲೇ ನಿಲ್ಲಿಸುತ್ತಾನೆ. ಸರಳುಗಳ ನಡುವೆ ಹುಡುಗ ಮುಖವಿಟ್ಟು ಇಣುಕುತ್ತಾನೆ: ಓಡುವ ಪಟ್ಟಿ, ಅದರಾಚೆ ತಿರುಗುವ ಗಾಲಿ, ಅದರ ಮೇಲೆ ಬಗ್ಗಿದ ಅಪ್ಪನ ಬೆನ್ನು.