ಹಳೆಯ ಕಂಪ್ಯೂಟರಿಗೆ ಮರುಜೀವ: ಸಂಘದ ಕಚೇರಿಗೊಂದು ಹಗುರ ಲಿನಕ್ಸ್

ಮುಂಬಯಿ: ಹೊರನಾಡಿನ ಹೆಚ್ಚಿನ ಕನ್ನಡ ಸಂಘಗಳ ಕಚೇರಿಯಲ್ಲಿ ಒಂದು ಕಂಪ್ಯೂಟರ್ ಇದ್ದೇ ಇರುತ್ತದೆ. ಬಹುತೇಕ ಅದು ಯಾರೋ ಸದಸ್ಯರು ಹೊಸದು ಕೊಂಡಾಗ ಸಂಘಕ್ಕೆ ನೀಡಿದ ಹಳೆಯ ಯಂತ್ರ. ಸದಸ್ಯರ ಯಾದಿ, ವಾರ್ಷಿಕ ಮಹಾಸಭೆಯ ವರದಿ, ಸ್ಮರಣ ಸಂಚಿಕೆಯ ಲೇಖನಗಳು, ವಿದ್ಯಾರ್ಥಿವೇತನದ ಅರ್ಜಿಗಳು ಎಲ್ಲವೂ ಅದರೊಳಗೇ. ಇಂತಹ ಯಂತ್ರಗಳ ಭವಿಷ್ಯ ಈಗ ಪದಾಧಿಕಾರಿಗಳ ಮುಂದಿರುವ ಪ್ರಶ್ನೆಯಾಗಿದೆ.

ಕಾರಣ ಸರಳ. ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ವಿಂಡೋಸ್ 11 ಹಾಕಬೇಕಾದರೆ 4 ಜಿಬಿ ರ‍್ಯಾಮ್ ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಸಾಕಷ್ಟು ಹೊಸ ಪ್ರೊಸೆಸರ್ ಬೇಕು. ಎಂಟು-ಹತ್ತು ವರ್ಷಗಳ ಹಿಂದಿನ ಅನೇಕ ಯಂತ್ರಗಳಲ್ಲಿ ಇದಿಲ್ಲ. ಯಂತ್ರ ಕೆಟ್ಟಿಲ್ಲ, ಆದರೂ ಗುಜರಿಗೆ ಹೋಗಬೇಕಾದ ಸ್ಥಿತಿ. ಇದಕ್ಕೊಂದು ಖರ್ಚಿಲ್ಲದ ಪರಿಹಾರವಿದೆ. ಅದೇ ಲಿನಕ್ಸ್, ಅದರಲ್ಲೂ ‘ಎಕ್ಸ್‌ಎಫ್‌ಸಿಇ’ ಎಂಬ ಹಗುರವಾದ ಡೆಸ್ಕ್‌ಟಾಪ್.

ಏನಿದು ಎಕ್ಸ್‌ಎಫ್‌ಸಿಇ?

ಲಿನಕ್ಸ್ ಎಂದರೆ ಯಂತ್ರವನ್ನು ನಡೆಸುವ ತಳಹದಿ. ಪರದೆಯ ಮೇಲೆ ನಮಗೆ ಕಾಣುವ ಮೆನು, ಪಟ್ಟಿ, ಕಿಟಕಿ, ಐಕಾನುಗಳ ವ್ಯವಸ್ಥೆಗೆ ಡೆಸ್ಕ್‌ಟಾಪ್ ಎನ್ನುತ್ತಾರೆ. ವಿಂಡೋಸ್‌ನಲ್ಲಿ ಇವೆರಡೂ ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ. ಲಿನಕ್ಸ್‌ನಲ್ಲಿ ಡೆಸ್ಕ್‌ಟಾಪನ್ನು ಬಳಸುವವರೇ ಆರಿಸಿಕೊಳ್ಳಬಹುದು. ಅಂತಹ ಆಯ್ಕೆಗಳಲ್ಲಿ ಎಕ್ಸ್‌ಎಫ್‌ಸಿಇ ಒಂದು. ಒಲಿವಿಯೆ ಫೋರ್ಡಾನ್ ಎಂಬವರು 1996ರಲ್ಲಿ ಇದನ್ನು ಆರಂಭಿಸಿದರು. ಅಂದಿನಿಂದಲೂ ಕಡಿಮೆ ಮೆಮೊರಿ ಬಳಸಿ ವೇಗವಾಗಿ ಕೆಲಸ ಮಾಡುವುದೇ ಇದರ ಗುರಿ. 2024ರ ಡಿಸೆಂಬರ್‌ನಲ್ಲಿ ಇದರ 4.20ನೇ ಆವೃತ್ತಿ ಬಿಡುಗಡೆಯಾಯಿತು. ಇಲಿ ಇದರ ಲಾಂಛನ. ಗಾತ್ರ ಚಿಕ್ಕದಾದರೂ ಗಣಪನನ್ನೇ ಹೊರುವ ಇಲಿಯನ್ನು ಬಲ್ಲ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊಸಬರಿಗೆ ‘ಲಿನಕ್ಸ್ ಮಿಂಟ್’ನ ಎಕ್ಸ್‌ಎಫ್‌ಸಿಇ ಆವೃತ್ತಿ ಅನುಕೂಲ. ‘ಕ್ಸುಬುಂಟು’ ಕೂಡ ಇಂತಹುದೇ. ಮಿಂಟ್‌ಗೆ ಕನಿಷ್ಠ 2 ಜಿಬಿ ರ‍್ಯಾಮ್ ಮತ್ತು 20 ಜಿಬಿ ಜಾಗ ಬೇಕು. 4 ಜಿಬಿ ರ‍್ಯಾಮ್ ಇದ್ದರೆ ಒಳ್ಳೆಯದು. ಮಿಂಟ್ 22ನೇ ಸರಣಿಗೆ 2029ರವರೆಗೆ ಭದ್ರತಾ ಪರಿಷ್ಕರಣೆಗಳು ದೊರೆಯಲಿವೆ. ಇದಕ್ಕೆ ಲೈಸೆನ್ಸ್ ಶುಲ್ಕವಿಲ್ಲ.

ಮೊದಲು ಕನ್ನಡದ ಕಡತಗಳನ್ನು ಉಳಿಸಿ

ಲಿನಕ್ಸ್ ಹಾಕುವ ಉತ್ಸಾಹದಲ್ಲಿ ಒಂದು ಮುಖ್ಯ ಕೆಲಸವನ್ನು ಮರೆಯಬಾರದು. ಸಂಘಗಳ ಹಳೆಯ ಕನ್ನಡ ಕಡತಗಳಲ್ಲಿ ಹಲವು ಯುನಿಕೋಡ್‌ನಲ್ಲಿ ಇರುವುದಿಲ್ಲ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಲೇಖನವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಆದ್ದರಿಂದ ವಿಂಡೋಸ್ ಇರುವಾಗಲೇ ಇಂತಹ ಕಡತಗಳನ್ನು ಪರಿವರ್ತಕ ತಂತ್ರಾಂಶದ ಮೂಲಕ ಯುನಿಕೋಡ್‌ಗೆ ಬದಲಾಯಿಸಬೇಕು. ಮೂಲ ಕಡತ ಹಾಗೂ ಬದಲಾದ ಕಡತ ಎರಡನ್ನೂ ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ನಕಲು ಮಾಡಿಡಬೇಕು. ಒತ್ತಕ್ಷರ, ಅರ್ಕಾವತ್ತುಗಳು ಪರಿವರ್ತನೆಯಲ್ಲಿ ಕೆಲವೊಮ್ಮೆ ತಪ್ಪುವುದರಿಂದ ಒಮ್ಮೆ ಓದಿ ನೋಡುವುದು ಅಗತ್ಯ. ಒಂದು ಸಂಘದ ಹತ್ತಿಪ್ಪತ್ತು ವರ್ಷಗಳ ಇತಿಹಾಸ ಕೇವಲ ಇಂತಹ ಕಡತಗಳಲ್ಲಿ ಉಳಿದಿರುವ ಸಾಧ್ಯತೆ ಇದೆ. ಯಂತ್ರ ಹೋದರೆ ಇನ್ನೊಂದು ತರಬಹುದು, ಇದನ್ನು ತರಲಾಗದು.

ಪೆನ್‌ಡ್ರೈವ್‌ನಿಂದಲೇ ಪರೀಕ್ಷೆ

ಬೇರೊಂದು ಕಂಪ್ಯೂಟರಿನಲ್ಲಿ ಮಿಂಟ್‌ನ ಸುಮಾರು 3 ಜಿಬಿ ಗಾತ್ರದ ಐಎಸ್‌ಒ ಕಡತವನ್ನು ಇಳಿಸಿಕೊಂಡು, ರೂಫಸ್ ಅಥವಾ ಎಚರ್ ತಂತ್ರಾಂಶದಿಂದ 8 ಜಿಬಿಯ ಪೆನ್‌ಡ್ರೈವ್‌ಗೆ ಬರೆಯಬೇಕು. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿ ಹೋಗುತ್ತದೆ ಎಂಬುದು ನೆನಪಿರಲಿ. ಬಳಿಕ ಹಳೆಯ ಯಂತ್ರಕ್ಕೆ ಅದನ್ನು ಸಿಕ್ಕಿಸಿ, ಆನ್ ಮಾಡಿದೊಡನೆ ಬೂಟ್ ಮೆನುವಿನ ಕೀಲಿ ಒತ್ತಿದರೆ (ಕಂಪೆನಿಗೆ ತಕ್ಕಂತೆ ಎಫ್12, ಎಫ್9 ಅಥವಾ ಎಸ್ಕೇಪ್) ಮಿಂಟ್ ಪೆನ್‌ಡ್ರೈವ್‌ನಿಂದಲೇ ತೆರೆದುಕೊಳ್ಳುತ್ತದೆ. ಒಳಗಿನ ವಿಂಡೋಸ್‌ಗೆ ಆಗ ಏನೂ ಆಗದು. ವೈಫೈ, ಪ್ರಿಂಟರ್, ಧ್ವನಿ ಸರಿಯಾಗಿವೆಯೇ ಎಂದು ನೋಡಿಕೊಂಡು, ಒಪ್ಪಿಗೆಯಾದರೆ ಮಾತ್ರ ಇನ್‌ಸ್ಟಾಲ್ ಮಾಡಬಹುದು. ವಿಂಡೋಸ್ ಜೊತೆಗೇ ಇರಿಸುವ ಆಯ್ಕೆ ಹಾಗೂ ಡಿಸ್ಕನ್ನು ಪೂರ್ತಿ ಅಳಿಸುವ ಆಯ್ಕೆ ಎರಡೂ ಬರುತ್ತವೆ. ಎರಡನೆಯದನ್ನು ಒತ್ತುವ ಮೊದಲು ನಕಲು ಇದೆಯೇ ಎಂದು ಇನ್ನೊಮ್ಮೆ ಖಚಿತಪಡಿಸಿಕೊಳ್ಳಬೇಕು.

ಬೇಕಾದಂತೆ ಜೋಡಿಸಿ

ಹೊಸ ವ್ಯವಸ್ಥೆ ಎಂದರೆ ಹಿರಿಯ ಸದಸ್ಯರಿಗೆ ಅಳುಕು ಸಹಜ. ಎಕ್ಸ್‌ಎಫ್‌ಸಿಇಯ ವಿಶೇಷ ಇರುವುದು ಇಲ್ಲೇ. ಬಳಸುವವರು ಅದಕ್ಕೆ ಹೊಂದಿಕೊಳ್ಳಬೇಕಾಗಿಲ್ಲ, ಅದನ್ನೇ ಅವರಿಗೆ ಹೊಂದಿಸಬಹುದು. ಪರದೆಯ ಅಂಚಿನ ಪಟ್ಟಿಗೆ ಪ್ಯಾನೆಲ್ ಎಂದು ಹೆಸರು. ಅದರ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ಪ್ಯಾನೆಲ್ ಪ್ರಿಫರೆನ್ಸಸ್’ಗೆ ಹೋದರೆ ಪಟ್ಟಿಯನ್ನು ಮೇಲೆ, ಕೆಳಗೆ ಅಥವಾ ಬದಿಗೆ ಸರಿಸಬಹುದು, ದಪ್ಪ ಮಾಡಬಹುದು. ಗಡಿಯಾರ, ದಿನನಿತ್ಯ ಬಳಸುವ ತಂತ್ರಾಂಶಗಳ ಗುಂಡಿಗಳನ್ನು ಅಲ್ಲಿಯೇ ಸೇರಿಸಬಹುದು. ‘ಪ್ಯಾನೆಲ್ ಪ್ರೊಫೈಲ್ಸ್’ ಎಂಬ ಉಪಕರಣದಲ್ಲಿ ವಿಂಡೋಸ್‌ನಂತೆ ಕಾಣುವ ಸಿದ್ಧ ಜೋಡಣೆಯೂ ಇದೆ. ನಮ್ಮ ಜೋಡಣೆಯನ್ನು ಉಳಿಸಿಟ್ಟುಕೊಂಡರೆ ಯಾರಾದರೂ ಅರಿಯದೆ ಪಟ್ಟಿ ಕೆಡಿಸಿದರೂ ಮರಳಿ ತರಬಹುದು. ‘ಅಪಿಯರೆನ್ಸ್’ ವಿಭಾಗದಲ್ಲಿ ಅಕ್ಷರಗಳನ್ನು ದೊಡ್ಡದು ಮಾಡಿದರೆ ಕನ್ನಡಕದವರಿಗೂ ಅನುಕೂಲ.

ಯಂತ್ರ ಇನ್ನೂ ನಿಧಾನವೆನಿಸಿದರೆ ‘ವಿಂಡೋ ಮ್ಯಾನೇಜರ್ ಟ್ವೀಕ್ಸ್’ನಲ್ಲಿ ಕಂಪೋಸಿಟರ್ ಎಂಬುದನ್ನು ಆಫ್ ಮಾಡಬಹುದು. ನೆರಳು, ಪಾರದರ್ಶಕತೆಯ ಅಲಂಕಾರಗಳು ಹೋಗುತ್ತವೆ, ಕೆಲಸ ಹಗುರಾಗುತ್ತದೆ. ‘ಸೆಷನ್ ಆ್ಯಂಡ್ ಸ್ಟಾರ್ಟಪ್’ನಲ್ಲಿ ಬೇಡದ ತಂತ್ರಾಂಶಗಳ ಗುರುತು ತೆಗೆದರೆ ಯಂತ್ರ ಬೇಗ ತೆರೆಯುತ್ತದೆ.

ಕನ್ನಡ ಟೈಪಿಂಗ್‌ಗೆ ‘ಐಬಸ್’ ಮತ್ತು ‘ಎಂ17ಎನ್’ ಹಾಕಿಕೊಂಡು ಕನ್ನಡ ‘ಕೆಜಿಪಿ’ ಆರಿಸಿದರೆ ನುಡಿ ಬಲ್ಲವರ ಕೈಗೆ ಅದು ಹೊಸದೆನಿಸದು. ಈ ಕೀಲಿಮಣೆಯ ಮೂಲ ವಿನ್ಯಾಸ ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರದ್ದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದುಡಿದಿದ್ದ ಅವರ ಕೊಡುಗೆ ಹೊರನಾಡ ಕನ್ನಡಿಗರಿಗೆ ಅಭಿಮಾನದ ಸಂಗತಿ.

ಮಿತಿಗಳೂ ಇವೆ

ಡೆಸ್ಕ್‌ಟಾಪ್ ಹಗುರವಾದ ಮಾತ್ರಕ್ಕೆ ಇಂಟರ್‌ನೆಟ್ ಪುಟಗಳು ಹಗುರವಾಗುವುದಿಲ್ಲ. 2 ಜಿಬಿ ರ‍್ಯಾಮ್‌ನಲ್ಲಿ ಬ್ರೌಸರ್‌ನ ಹತ್ತು ಪುಟಗಳನ್ನು ಒಟ್ಟಿಗೆ ತೆರೆದರೆ ಯಂತ್ರ ಏದುಸಿರು ಬಿಡುವುದು ಖಂಡಿತ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ದಿಲ್ಲಿಯ ನೆಹರೂ ಪ್ಲೇಸ್‌ಗಳಲ್ಲಿ ಹಳೆಯ ಯಂತ್ರಗಳಿಗೆ ಹೊಂದುವ ರ‍್ಯಾಮ್ ಮತ್ತು ಎಸ್‌ಎಸ್‌ಡಿ ವಿಚಾರಿಸಬಹುದು. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ವೇಗದಲ್ಲಿ ಎದ್ದು ಕಾಣುವ ವ್ಯತ್ಯಾಸವಾಗುತ್ತದೆ.

ಲೆಕ್ಕಪತ್ರಕ್ಕೆ ಟ್ಯಾಲಿ ಬಳಸುವ ಸಂಘಗಳು ಅವಸರ ಮಾಡುವುದು ಬೇಡ. ಟ್ಯಾಲಿ ವಿಂಡೋಸ್‌ಗಾಗಿಯೇ ರಚಿತವಾದದ್ದು. ಅಂತಹವರು ಲೆಕ್ಕದ ಯಂತ್ರವನ್ನು ಬೇರೆಯಾಗಿಯೇ ಇಟ್ಟುಕೊಳ್ಳುವುದು ಲೇಸು. ಪತ್ರ ವ್ಯವಹಾರ, ಆಮಂತ್ರಣ, ಸದಸ್ಯರ ಯಾದಿ, ಸರಳ ಜಮಾ-ಖರ್ಚಿಗೆ ಮಿಂಟ್ ಜೊತೆಗೇ ಬರುವ ಲಿಬ್ರೆ ಆಫೀಸ್ ಧಾರಾಳ ಸಾಕು. ವರ್ಡ್, ಎಕ್ಸೆಲ್ ಕಡತಗಳನ್ನೂ ಅದು ತೆರೆಯುತ್ತದೆ, ಪುಟದ ಜೋಡಣೆ ಅಲ್ಲಲ್ಲಿ ತುಸು ಬದಲಾಗಬಹುದಷ್ಟೆ.

ಸಂಘದ ಯುವ ವಿಭಾಗದಲ್ಲಿ ಇಂತಹ ಕೆಲಸ ಬಲ್ಲ ತರುಣ-ತರುಣಿಯರಿಗೆ ಕೊರತೆಯಿಲ್ಲ. ಒಂದು ಭಾನುವಾರ ಅವರು ಹಿರಿಯರ ಜೊತೆ ಕುಳಿತರೆ ಹಳೆಯ ಕಡತಗಳೂ ಉಳಿಯುತ್ತವೆ, ಯಂತ್ರವೂ ಉಳಿಯುತ್ತದೆ. ಹೊಸ ಕಂಪ್ಯೂಟರಿಗೆ ತೆಗೆದಿರಿಸಿದ ಹಣವು ಮಕ್ಕಳ ವಿದ್ಯಾರ್ಥಿವೇತನಕ್ಕೋ ವಾಚನಾಲಯದ ಪುಸ್ತಕಗಳಿಗೋ ಸಲ್ಲಬಹುದು. ಮೂಲೆ ಸೇರಿದ ಕಂಪ್ಯೂಟರನ್ನು ಗುಜರಿಯವನಿಗೆ ಒಪ್ಪಿಸುವ ಮುನ್ನ ಪದಾಧಿಕಾರಿಗಳು ಒಂದು ಪೆನ್‌ಡ್ರೈವ್‌ನಷ್ಟು ಪ್ರಯತ್ನವನ್ನಾದರೂ ಮಾಡಿ ನೋಡುವುದು ಸೂಕ್ತ.