ಹಲ್ಲಿಯ ಪೊರೆಯೂ ತೇವದ ಗೂಡೂ

ಹಾವು ಬಿಟ್ಟ ಪೊರೆಯನ್ನು ಹಳ್ಳಿಗಳಿಂದ ಬಂದ ನಾವೆಲ್ಲರೂ ಕಂಡಿದ್ದೇವೆ. ಹೊಲದ ಬದುವಿನಲ್ಲಿ, ಬೇಲಿಯ ಮುಳ್ಳಿನಲ್ಲಿ, ಹುಲ್ಲಿನ ಬಣವೆಯ ಬುಡದಲ್ಲಿ ಅದು ಸಿಕ್ಕುತ್ತದೆ. ಆದರೆ ಹಲ್ಲಿ ಬಿಟ್ಟ ಪೊರೆಯನ್ನು ಕಂಡವರು ನಮ್ಮಲ್ಲಿ ಎಷ್ಟು ಮಂದಿ? ಹಗಲಿರುಳೂ ನಮ್ಮ ತಲೆಯ ಮೇಲೆಯೇ ಸಂಸಾರ ಹೂಡಿರುವ ಈ ಪ್ರಾಣಿಯೂ ಹಾವಿನಂತೆಯೇ ಪೊರೆ ಬಿಡುತ್ತದೆ. ಅದು ನಮ್ಮ ಕಣ್ಣಿಗೆ ಬೀಳದಿರುವುದಕ್ಕೆ ಕಾರಣ ಸರಳವಾದುದು: ಕಳಚಿದ ಪೊರೆಯನ್ನು ಹಲ್ಲಿ ತಾನೇ ತಿಂದುಬಿಡುತ್ತದೆ.

ನಮ್ಮ ಮನೆಗಳಲ್ಲಿ ಹಲ್ಲಿಯೆಂದರೆ ಶಕುನ. ಮಾತಿನ ನಡುವೆ ಅದು ಲೊಚಗುಟ್ಟಿದರೆ ಹಿರಿಯರು ‘ಕೃಷ್ಣ ಕೃಷ್ಣ’ ಎಂದು ಬೆರಳಿನಿಂದ ನೆಲವನ್ನು ತಟ್ಟುತ್ತಾರೆ. ಮೈಮೇಲೆ ಬಿದ್ದರೆ ಯಾವ ಅಂಗಕ್ಕೆ ಯಾವ ಫಲವೆಂದು ಪಂಚಾಂಗ ತೆರೆದು ನೋಡುತ್ತಾರೆ. ಅಮೆರಿಕ, ಯೂರೋಪುಗಳಲ್ಲಾದರೋ ಹಲ್ಲಿಯ ಬಳಗದ ಪ್ರಾಣಿಗಳನ್ನು ಮುದ್ದಿನಿಂದ ಸಾಕುವವರುಂಟು. ಈ ಬಳಗಕ್ಕೆ ಇಂಗ್ಲಿಷಿನಲ್ಲಿ ‘ಗೆಕ್ಕೊ’ ಎಂದು ಹೆಸರು. ಅದು ಮಲಯ ಭಾಷೆಯಿಂದ ಬಂದ ಪದ. ನಮ್ಮ ‘ಲೊಚಗುಟ್ಟುವುದು’ ಎಂಬ ಮಾತಿನಂತೆ ಅದೂ ಪ್ರಾಣಿಯ ಕೂಗನ್ನು ಅನುಕರಿಸಿ ಹುಟ್ಟಿದ್ದು. ಸಾಕಿದ ಹಲ್ಲಿಗೆ ಬಂದೊದಗುವ ತೊಡಕುಗಳಲ್ಲಿ ಮುಖ್ಯವಾದುದು ಪೊರೆ ಸರಿಯಾಗಿ ಕಳಚದಿರುವುದು. ಅದಕ್ಕೆ ನೆರವಾಗುವುದು ಹೇಗೆಂಬುದೇ ಈ ಲೇಖನದ ವಿಷಯ. ಬಿ.ಎ. ತರಗತಿಯವನಿಗೆ ಹಲ್ಲಿಯ ಗೊಡವೆಯೇಕೆಂದು ಗೆಳೆಯರು ನಗಬಹುದು. ನೆರವು ಎಂದರೇನು ಎಂಬ ಪ್ರಶ್ನೆ ವಿಜ್ಞಾನದವರಿಗೆ ಮಾತ್ರ ಸೇರಿದ್ದಲ್ಲವಷ್ಟೆ!

ಸಾಕುವ ಹಲ್ಲಿಗಳಲ್ಲಿ ಬಹು ಪ್ರಸಿದ್ಧವಾದುದು ‘ಲೆಪರ್ಡ್ ಗೆಕ್ಕೊ’. ಹಳದಿ ಮೈಮೇಲೆ ಕಪ್ಪು ಚುಕ್ಕೆಗಳಿರುವುದರಿಂದ ಅದಕ್ಕೆ ಚಿರತೆಯ ಹೆಸರು. ನಾವು ಚಿರತೆಹಲ್ಲಿ ಎನ್ನೋಣ. ಅದರ ತವರು ಆಫ್ಘಾನಿಸ್ತಾನ, ಪಾಕಿಸ್ತಾನ, ವಾಯವ್ಯ ಭಾರತಗಳ ಒಣ ಕಲ್ಲುನೆಲ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ 1854ರಲ್ಲಿ ಅದನ್ನು ಮೊದಲಿಗೆ ಶಾಸ್ತ್ರೀಯವಾಗಿ ವರ್ಣಿಸಿದನು. ಈಗ ಆ ದೇಶಗಳಲ್ಲಿ ಮಾರಾಟವಾಗುವವುಗಳಲ್ಲಿ ಹೆಚ್ಚಿನವು ಸಾಕಣೆಯಲ್ಲಿಯೇ ಹುಟ್ಟಿದಂಥವು. ಬಾಲವೂ ಸೇರಿ ಅದರ ಉದ್ದ ಸುಮಾರು 20ರಿಂದ 25 ಸೆಂಟಿಮೀಟರು. ಚೆನ್ನಾಗಿ ನೋಡಿಕೊಂಡರೆ 15 ವರ್ಷಗಳನ್ನೂ ಮೀರಿ ಬದುಕಬಲ್ಲದು. ನಮ್ಮ ಗೋಡೆಯ ಹಲ್ಲಿಗೂ ಅದಕ್ಕೂ ಎರಡು ಮುಖ್ಯ ಭೇದಗಳುಂಟು. ಗೋಡೆಗೆ ಅಂಟಿಕೊಳ್ಳುವ ಮೆತ್ತೆಗಳು ಅದರ ಬೆರಳುಗಳಲ್ಲಿಲ್ಲ. ಆದುದರಿಂದ ಅದರ ಸಂಚಾರವೆಲ್ಲ ನೆಲದ ಮೇಲೆ. ಗೋಡೆಯ ಹಲ್ಲಿಗೆ ಮುಚ್ಚಿ ತೆರೆಯುವ ಕಣ್ಣುರೆಪ್ಪೆಯಿಲ್ಲ, ಚಿರತೆಹಲ್ಲಿಗೆ ಉಂಟು.

ಇನ್ನು ಪೊರೆಯ ವಿಚಾರ. ಹಲ್ಲಿಯ ಚರ್ಮದ ಹೊರಪದರ ನಿರ್ಜೀವವಾದುದು. ಮೈ ಬೆಳೆದಂತೆ ಅದು ಬೆಳೆಯಲಾರದು, ಸವೆದರೆ ತುಂಬಿಕೊಳ್ಳಲಾರದು. ಆದುದರಿಂದ ಹಳೆಯ ಪದರದ ಅಡಿಯಲ್ಲಿ ಹೊಸದೊಂದು ಪದರ ಸಿದ್ಧವಾಗುತ್ತದೆ. ಅದು ಪೂರ್ತಿ ಸಿದ್ಧವಾದ ಮೇಲೆಯೇ ಎರಡರ ನಡುವಣ ಹಿಡಿತ ಸಡಿಲವಾಗುವುದು. ಆಗ ಪ್ರಾಣಿಯ ಬಣ್ಣ ಮಂಕಾಗಿ, ಮೈಮೇಲೆ ಬೂದಿ ಬಳಿದಂತೆ ಕಾಣುತ್ತದೆ. ಹಲ್ಲಿ ಮೂತಿಯನ್ನು ಕಲ್ಲಿಗೆ ತಿಕ್ಕಿ ಪೊರೆಯನ್ನು ಬಿರಿಯಿಸಿ, ಬಾಯಿಂದ ಕಚ್ಚಿ ಎಳೆದು, ಅಂಗಿ ಕಳಚುವಂತೆ ಮೈಯಿಂದಲೂ ಕಾಲುಚೀಲ ಕಳಚುವಂತೆ ಬೆರಳುಗಳಿಂದಲೂ ಅದನ್ನು ತೆಗೆದುಹಾಕುತ್ತದೆ. ಬೆಳೆಯುವ ಮರಿಗಳು ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಪೊರೆ ಬಿಟ್ಟರೆ ಬಲಿತವು ತಿಂಗಳಿಗೋ ಇನ್ನೂ ಸ್ವಲ್ಪ ತಡವಾಗಿಯೋ ಬಿಡುತ್ತವೆ.

ಈ ಕಾರ್ಯಕ್ಕೆ ತೇವ ಬೇಕು. ಏಕೆಂಬುದನ್ನು ತಿಳಿಯಲು ಅಡುಗೆಮನೆಗೆ ಹೋದರೆ ಸಾಕು. ಅವರೆಕಾಳನ್ನು ನೆನೆಹಾಕಿ ಎರಡು ಬೆರಳುಗಳ ನಡುವೆ ಹಿದುಕಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಹಾರಿ ಬೀಳುತ್ತದೆ. ಒಣಗಿದ ಕಾಳನ್ನು ಎಷ್ಟು ಹಿದುಕಿದರೂ ಉಗುರು ನೋಯುವುದೇ ಹೊರತು ಸಿಪ್ಪೆ ಬಿಡದು. ಪೊರೆಯೂ ಹಾಗೆಯೇ. ತೇವವಿದ್ದರೆ ಮೆತ್ತಗಾಗಿ ದೊಡ್ಡ ದೊಡ್ಡ ತುಂಡುಗಳಲ್ಲಿ ಜಾರುತ್ತದೆ; ಇಲ್ಲದಿದ್ದರೆ ಚೂರು ಚೂರಾಗಿ ಹರಿದು, ಬೆರಳುಗಳಲ್ಲಿಯೂ ಬಾಲದ ತುದಿಯಲ್ಲಿಯೂ ಕಣ್ಣಿನ ಸುತ್ತಲೂ ಉಳಿದುಬಿಡುತ್ತದೆ.

ಉಳಿದರೇನು ಎನ್ನಬಹುದು. ಕಾಯಿಸಿದ ತಮಟೆಯ ತೊಗಲು ಬಿಗಿಯುವುದನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಬೆರಳಿಗೆ ಉಂಗುರದಂತೆ ಸುತ್ತಿಕೊಂಡ ಪೊರೆ ಒಣಗುತ್ತ ಬಿಗಿಯುತ್ತದೆ. ಮುಂದಿನ ಸಲ ಉಳಿದ ಪೊರೆ ಅದರ ಮೇಲೆ ಇನ್ನೊಂದು ಸುತ್ತಾಗುತ್ತದೆ. ರಕ್ತದ ಹರಿವು ನಿಂತು ಬೆರಳು ಊದಿ, ಕಪ್ಪಾಗಿ, ಕೊನೆಗೆ ಕಳಚಿಯೇ ಬೀಳುತ್ತದೆ. ಬಾಲ ಕಳೆದುಕೊಂಡ ಹಲ್ಲಿಗೆ ಬೇರೆ ಬಾಲ ಬರುತ್ತದೆ. ಬೆರಳು ಮಾತ್ರ ಮರಳಿ ಬರುವುದಿಲ್ಲ. ರೆಪ್ಪೆಯೊಳಗೆ ಪೊರೆ ಸಿಕ್ಕಿಕೊಂಡರಂತೂ ಕಣ್ಣು ಕೀವುಗಟ್ಟುವುದುಂಟು. ಕಣ್ಣು ಕಾಣದ ಹಲ್ಲಿ ಹುಳು ಹಿಡಿಯಲಾರದೆ ಸೊರಗುತ್ತದೆ.

ಇಲ್ಲೊಂದು ಸಂದೇಹ ಏಳುವುದು ಸಹಜ. ಒಣನಾಡಿನ ಪ್ರಾಣಿಗೆ ತೇವವೇಕೆ? ಮಳೆ ಕಾಣದ ಕಲ್ಲುನೆಲದಲ್ಲಿ ಅದರ ಪೂರ್ವಿಕರು ಬಾಳಲಿಲ್ಲವೆ? ಬಾಳಿದ್ದು ನಿಜ, ಆದರೆ ಅವು ಹಗಲನ್ನು ಕಳೆದದ್ದು ಬಂಡೆಗಳ ಅಡಿಯಲ್ಲಿ, ಬಿಲಗಳಲ್ಲಿ. ನೆಲದ ಮೇಲೆ ಬಿಸಿಲು ಉರಿಯುವಾಗಲೂ ಬಿಲದೊಳಗಿನ ಗಾಳಿ ತಂಪಾಗಿ, ತೇವವಾಗಿ ಇರುತ್ತದೆ. ಒಣನಾಡು ಎಂದರೆ ಎಲ್ಲೆಡೆಯೂ ಒಂದೇ ಸಮನೆ ಒಣಗಿದ ನಾಡಲ್ಲ. ಪ್ರಾಣಿ ತನಗೆ ಬೇಕೆನಿಸಿದಾಗ ಒಣಜಾಗದಿಂದ ತೇವದ ಜಾಗಕ್ಕೆ ನಡೆದುಹೋಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಕೂಡಿಹಾಕಿದ ಮನುಷ್ಯ ಅದರಿಂದ ಕಿತ್ತುಕೊಳ್ಳುವುದು ಈ ನಡಿಗೆಯನ್ನು. ಚಳಿಗಾಲದಲ್ಲಿ ಮನೆಯನ್ನು ಕಾಯಿಸುವ ದೇಶಗಳಲ್ಲಿ ಒಳಗಿನ ಗಾಳಿ ಇನ್ನಷ್ಟು ಒಣಗುತ್ತದೆ. ಹಲ್ಲಿಗೆ ಹೋಗಲು ಬೇರೆ ಎಡೆಯಿಲ್ಲ.

ಕಿತ್ತುಕೊಂಡುದನ್ನು ಹಿಂದಿರುಗಿಸುವ ಉಪಾಯವೇ ತೇವದ ಗೂಡು. ಅದರ ರಚನೆ ಬಹಳ ಸುಲಭ. ಹಲ್ಲಿ ಒಳಗೆ ಸುಲಭವಾಗಿ ಹೊರಳುವಷ್ಟು ದೊಡ್ಡದಾದ, ಮುಚ್ಚಳವುಳ್ಳ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದುಕೊಳ್ಳಬೇಕು. ಪಕ್ಕದಲ್ಲಿ ಪ್ರಾಣಿ ನುಗ್ಗುವಷ್ಟು ತೂತು ಕೊರೆದು ಅಂಚನ್ನು ಉಜ್ಜಿ ನುಣುಪು ಮಾಡಬೇಕು. ಹರಿತವಾಗಿದ್ದರೆ ಮೈ ಗೀರುತ್ತದೆ. ಒಳಗೆ ಸ್ಫ್ಯಾಗ್ನಮ್ ಎಂಬ ಪಾಚಿಯನ್ನಾಗಲಿ, ತೆಂಗಿನ ನಾರಿನ ಪುಡಿಯನ್ನಾಗಲಿ, ನೀರು ಹೀರುವ ಕಾಗದವನ್ನಾಗಲಿ ಒದ್ದೆಮಾಡಿ ಹರಡಬೇಕು. ಮರಿಗಳಿಗೆ ಕಾಗದವೇ ಮೇಲು. ಪುಡಿಯನ್ನು ನುಂಗುವ ಭಯವಿಲ್ಲ. ಹಿಂಡಿದರೆ ಒಂದೆರಡು ಹನಿ ತೊಟ್ಟಿಕ್ಕುವಷ್ಟು ಒದ್ದೆಯಿದ್ದರೆ ಸಾಕು, ನೀರು ನಿಲ್ಲಬಾರದು. ಈ ಗೂಡನ್ನು ಪೆಟ್ಟಿಗೆಯ ಬೆಚ್ಚನೆಯ ಬದಿಯಲ್ಲಿ ಇಟ್ಟರೆ ನೀರು ಮೆಲ್ಲಗೆ ಆವಿಯಾಗಿ ಒಳಗಿನ ತೇವಾಂಶ ನೂರಕ್ಕೆ 70–80ರ ಮಟ್ಟದಲ್ಲಿ ನಿಲ್ಲುತ್ತದೆ. ಒಣಗುತ್ತ ಬಂದರೆ ನೀರು ಚಿಮುಕಿಸಬೇಕು. ಬೂಷ್ಟು ಹಿಡಿಯುವ ಮೊದಲೇ ಹಾಸನ್ನು ಬದಲಿಸಿ ಡಬ್ಬಿಯನ್ನು ತೊಳೆಯಬೇಕು.

ಹಾಗಾದರೆ ಇಡೀ ಪೆಟ್ಟಿಗೆಗೇ ನೀರೆರಚಿದರಾಗದೆ? ಆಗದು. ಚಿರತೆಹಲ್ಲಿಗೆ ಪೆಟ್ಟಿಗೆಯ ಉಳಿದ ಭಾಗದಲ್ಲಿ ತೇವಾಂಶ ನೂರಕ್ಕೆ 30–40ರಷ್ಟಿರುವುದು ಲೇಸು. ಸದಾ ತೇವದಲ್ಲಿದ್ದರೆ ಅದರ ಚರ್ಮಕ್ಕೂ ಶ್ವಾಸಕೋಶಕ್ಕೂ ರೋಗ ತಗಲುತ್ತದೆ. ಬೆಚ್ಚನೆಯ ಒಣ ಮರೆಯೊಂದು, ತಂಪಾದ ಮರೆಯೊಂದು, ತೇವದ ಗೂಡೊಂದು, ಮೈ ತಿಕ್ಕಲು ಒರಟು ಕಲ್ಲೊಂದು, ಇಷ್ಟನ್ನು ಒದಗಿಸಿ ಆಯ್ಕೆಯನ್ನು ಹಲ್ಲಿಗೇ ಬಿಡಬೇಕು. ಬೇರೆ ಜಾತಿಗೆ ಬೇರೆ ಲೆಕ್ಕ. ನಶಿಸಿಹೋಯಿತೆಂದು ಭಾವಿಸಿದ್ದು, 1994ರಲ್ಲಿ ಮತ್ತೆ ಕಾಣಿಸಿಕೊಂಡ ನ್ಯೂ ಕ್ಯಾಲಿಡೋನಿಯದ ಕ್ರೆಸ್ಟೆಡ್ ಗೆಕ್ಕೊ ಮಳೆಕಾಡಿನ ಪ್ರಾಣಿ. ಅದರ ಇಡೀ ಪೆಟ್ಟಿಗೆಗೇ ನೀರು ಸಿಂಪಡಿಸುತ್ತಾರೆ. ಪ್ರಾಣಿಯ ತವರನ್ನು ಅರಿಯದೆ ಮಾಡಿದ ಉಪಚಾರ ಅಪಚಾರವಾದೀತು.

ಇಷ್ಟಾದರೂ ಪೊರೆ ಉಳಿದರೆ, ಒಣಗಿದ್ದನ್ನು ಎಂದಿಗೂ ಎಳೆಯಬಾರದು. ಅಡಿಯ ಹಸಿ ಚರ್ಮವೂ ಜೊತೆಗೆ ಕಿತ್ತುಬರುತ್ತದೆ. ಸುಮಾರು 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ನೀರನ್ನು ಹೊಟ್ಟೆ ಮುಟ್ಟುವಷ್ಟು ಮಾತ್ರ ಹಾಕಿ, ಹತ್ತು ಹದಿನೈದು ನಿಮಿಷ ಅದರಲ್ಲಿ ಬಿಟ್ಟು, ಕಣ್ಣು ತೆಗೆಯದೆ ಕಾಯಬೇಕು. ಬಳಿಕ ಒದ್ದೆ ಹತ್ತಿಯಿಂದ ಬೆರಳನ್ನು ಮೆಲ್ಲಗೆ ಉರುಳಿಸಿದರೆ ಪೊರೆ ಬಿಡುತ್ತದೆ. ಬಿಡದಿದ್ದರೆ ಮರುದಿನ ಮತ್ತೆ ಪ್ರಯತ್ನಿಸತಕ್ಕದ್ದು. ಕಣ್ಣಿನ ತೊಂದರೆಯಾದರೆ ಪಶುವೈದ್ಯರ ಬಳಿಗೇ ಹೋಗಬೇಕು. ಮತ್ತೆ ಮತ್ತೆ ಪೊರೆ ನಿಲ್ಲುತ್ತಿದ್ದರೆ ಆಹಾರದಲ್ಲಿ ಎ ಜೀವಸತ್ವದ ಕೊರತೆಯೋ ಬೇರೆ ಕಾಯಿಲೆಯೋ ಇರಬಹುದು; ಅದನ್ನೂ ಅವರೇ ನೋಡಬೇಕು.

ಪೊರೆ ಕಳಚಬೇಕಾದವನು ಹಲ್ಲಿಯೇ. ಅದರ ಪರವಾಗಿ ನಾವು ಕಳಚಲಾರೆವು. ಹೊಸ ಚರ್ಮ ಒಳಗಿನಿಂದ ಬಲಿತು ಬರುವ ತನಕ ಕಾಯುವುದು, ಬಲಿತಾಗ ಬೇಕಾದ ಹದವನ್ನು ಒದಗಿಸುವುದು, ಇಷ್ಟೇ ನಮ್ಮ ಪಾಲಿನ ಕೆಲಸ. ಮನೆಯಲ್ಲಿ ಮೊದಲಿಗರಾಗಿ ಕಾಲೇಜಿಗೆ ಬಂದ ನನ್ನಂಥವರಿಗೆ ಈ ಮಾತಿನ ಅರ್ಥ ಬೇಗ ತಿಳಿಯುತ್ತದೆ. ಎಳೆದಾಡದೆ, ಬಿಟ್ಟೂ ಬಿಡದೆ ಹತ್ತಿರವಿದ್ದ ಗುರುಗಳು ನಮಗೂ ಇದ್ದಾರೆ.

ನಮ್ಮ ಗೋಡೆಯ ಹಲ್ಲಿಗೆ ಇಂಥ ಗೂಡಿನ ಅಗತ್ಯವಿಲ್ಲ. ಹೆಂಚಿನ ಸಂದು, ಬಚ್ಚಲಮನೆಯ ಮೂಲೆ, ಗೋಡೆಗೆ ತೂಗಿದ ಪಟದ ಹಿಂಬದಿ, ಎಲ್ಲವೂ ಅದರ ವಶದಲ್ಲಿವೆ. ಒಣಜಾಗ, ತೇವದ ಜಾಗಗಳನ್ನು ತಾನೇ ಆರಿಸಿಕೊಳ್ಳುತ್ತದೆ. ಅದನ್ನು ಹಿಡಿದು ಡಬ್ಬಿಗೆ ಹಾಕದಿರುವುದೇ ನಾವು ಮಾಡಬಹುದಾದ ದೊಡ್ಡ ಉಪಕಾರ. ಎಂದಾದರೂ ಮೈ ಬಿಳಿಚಿಕೊಂಡು ಮಂಕಾಗಿ ಕುಳಿತ ಹಲ್ಲಿ ಕಂಡರೆ ಶಕುನವೆಂದು ಬೆದರಿ ಪೊರಕೆ ಎತ್ತುವುದು ಬೇಡ. ಅದು ಅಂಗಿ ಬದಲಿಸುತ್ತಿದೆ; ಸ್ವಲ್ಪ ಹೊತ್ತು ಅದರ ಪಾಡಿಗೆ ಅದನ್ನು ಬಿಟ್ಟರೆ ಸಾಕು.