ನುಂಗುವಿಕೆಯೂ ದಂತಪಂಕ್ತಿಯೂ

ನುಂಗುವಾಗ ಬಾಯಿಯೊಳಗೆ ನಡೆಯುವ ವ್ಯಾಪಾರವು ಸುಮಾರು ಒಂದು ಸೆಕೆಂಡಿನಲ್ಲಿ ಮುಗಿಯತಕ್ಕದ್ದು. ತುಟಿಗಳ ಮರೆಯಲ್ಲಿರುವುದರಿಂದ ಕಣ್ಣಿಗೆ ಗೋಚರವಾಗದು. 1895ರಲ್ಲಿ ರಾಂಟ್ಜೆನ್ ಪಂಡಿತನು ಕ್ಷ-ಕಿರಣಗಳನ್ನು ಕಂಡುಹಿಡಿದ ತರುವಾಯ, ಬೇರಿಯಂ ಬೆರಸಿದ ತುತ್ತನ್ನು ನುಂಗಿಸಿ ಅದರ ಗತಿಯನ್ನು ತೆರೆಯ ಮೇಲೆ ನೋಡುವ ಕ್ರಮವು ಬೆಳೆಯಿತು. ಕಿರಣಗಳಿಂದ ಹಾನಿಯ ಸಂಭವವಿರುವುದರಿಂದ ಮಕ್ಕಳಲ್ಲಿ ಇದನ್ನು ಪದೇ ಪದೇ ಪ್ರಯೋಗಿಸುವುದು ಯುಕ್ತವಲ್ಲ. ಕಾಂತಕ್ಷೇತ್ರದಿಂದ ಚಲನೆಯನ್ನು ಚಿತ್ರಿಸುವ ಎಂ.ಆರ್.ಐ. ವಿಧಾನಕ್ಕೆ ಈ ದೋಷವಿಲ್ಲ. ನಾಲಗೆಯ ಸ್ನಾಯುವೇ ಅದರಲ್ಲಿ ಸ್ಫುಟವಾಗಿ ತೋರುತ್ತದೆ. ಆದರೆ ಸಾಮಾನ್ಯವಾಗಿ ಮಲಗಿಯೇ ನುಂಗಬೇಕು. ಹಲ್ಲಿಗೆ ಕಟ್ಟಿದ ಲೋಹದ ತಂತಿಯೂ ಚಿತ್ರವನ್ನು ಕೆಡಿಸಬಹುದು.

ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳು ಕೂಡದೆ ಎಡೆಬಿಟ್ಟಿರುವವರಲ್ಲಿ, ನುಂಗುವಾಗ ನಾಲಗೆಯು ಆ ಎಡೆಯೊಳಕ್ಕೆ ಚಾಚುವುದುಂಟು. ಈ ನೂಕೇ ದೋಷಕ್ಕೆ ಕಾರಣವೆಂದು ಹಲವರು ಬಗೆದಿದ್ದರು. ಕಾಲಗಣನೆಯು ಇದನ್ನು ಸಮರ್ಥಿಸುವುದಿಲ್ಲ. ದಿನಕ್ಕೆ 1000 ಸಲ ನುಂಗಿದರೂ ಒತ್ತಡದ ಒಟ್ಟು ಅವಧಿ ಸುಮಾರು 17 ನಿಮಿಷ ಮಾತ್ರ. ಹಲ್ಲು ಸರಿಯಬೇಕಾದರೆ ಗಂಟೆಗಟ್ಟಲೆ ಒತ್ತಡ ಬೇಕು. ಆದುದರಿಂದ ಬಾಯಿಯ ಮುಂಭಾಗವನ್ನು ಮುಚ್ಚುವುದಕ್ಕಾಗಿಯೇ ನಾಲಗೆಯು ಎಡೆಯನ್ನು ತುಂಬುವುದೆಂಬ ಅಭಿಪ್ರಾಯವು ಹೆಚ್ಚು ಸಂಗತವಾಗಿದೆ. ವಿರಾಮದಲ್ಲಿಯೂ ನಾಲಗೆ ಮುಂದೆಯೇ ನಿಂತಿದ್ದರೆ ಮಾತು ಬೇರೆ. ಆ ಮೃದುವಾದ, ದೀರ್ಘವಾದ ಒತ್ತಡದಿಂದ ಚಿಕಿತ್ಸೆಯಲ್ಲಿ ಕೂಡಿಸಿದ ಹಲ್ಲುಗಳು ಪುನಃ ಅಗಲಬಹುದು. ಚಿತ್ರಣವು ನುಂಗುವ ಕ್ಷಣವನ್ನು ಮಾತ್ರವಲ್ಲದೆ ಅದರ ಹಿಂದುಮುಂದಿನ ವಿರಾಮವನ್ನೂ ಒಳಗೊಳ್ಳಬೇಕಾದುದು ಇದಕ್ಕಾಗಿಯೇ.